ಸೆಲರಿ: ಕನ್‌ಕರೆನ್ಸಿ 1 ಇಟ್ಟರೂ ಒಂದೇ ಜಾಬ್ ಒಟ್ಟಿಗೆ ಎರಡು ಕಡೆ ಓಡುತ್ತಿದೆ

ನಿದ್ದೆಗೆಟ್ಟವ
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಹಿನ್ನೆಲೆಯಲ್ಲಿ ಜಾಬ್ ಓಡಿಸುವ ಪೈಥಾನ್ ಟೂಲ್ ಸೆಲರಿಯಲ್ಲಿ ಲೆಕ್ಕ ಹೊಂದಿಸುವ ಜಾಬ್ ಒಂದಿದೆ. ದಿನಕ್ಕೆ ಒಂದೇ ಸಲ, ರಾತ್ರಿ 1ಕ್ಕೆ ಓಡಬೇಕು. ಅದು ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತದೆ. ಎರಡೂ ಒಂದೇ ಟೇಬಲ್‌ಗೆ ಬರೆದು ಸಾಲುಗಳೆಲ್ಲ ಡಬಲ್. ಕನ್‌ಕರೆನ್ಸಿ (ಒಟ್ಟಿಗೆ ಎಷ್ಟು ಜಾಬ್ ಓಡಬಹುದು ಅನ್ನುವ ಮಿತಿ) 1 ಇಟ್ಟಿದ್ದೇನೆ. ಬ್ರೋಕರ್, ಅಂದರೆ ಜಾಬ್‌ಗಳ ಕ್ಯೂ ಇಟ್ಟುಕೊಳ್ಳುವ ಸರ್ವರ್, ರೆಡಿಸ್. ಉಳಿದದ್ದೆಲ್ಲ ಮಾಮೂಲಿ ಸೆಟ್ಟಿಂಗ್. ಗೂಗಲ್ ಮಾಡಿ ಅಂತ ಮಾತ್ರ ಹೇಳಬೇಡಿ, ಮಾಡಿ ಮಾಡಿ ಸಾಕಾಗಿದೆ.

ಬೀಟ್‌ಬಸವ
ನೂರಕ್ಕೆ ನೂರು ಬೀಟ್ (ಹೊತ್ತಿಗೆ ಸರಿಯಾಗಿ ಜಾಬನ್ನು ಕ್ಯೂಗೆ ಹಾಕುವ ಪ್ರೊಸೆಸ್) ಎರಡು ಕಡೆ ಓಡುತ್ತಿದೆ. ಜಾಬ್ ಓಡಿಸುವ ವರ್ಕರ್ ಶುರು ಮಾಡುವಾಗ ಮೈನಸ್ ಬಿ ಆಪ್ಷನ್ ಹಾಕಿದ್ದೀರಾ? ಹಾಕಿದರೆ ಪ್ರತಿ ವರ್ಕರ್‌ನೊಳಗೂ ಒಂದೊಂದು ಬೀಟ್ ಏಳುತ್ತದೆ. ಎಲ್ಲವೂ ಜಾಬ್ ತಳ್ಳುತ್ತವೆ.

ನಿದ್ದೆಗೆಟ್ಟವ
ಇಲ್ಲ. ಬೀಟ್ ಬೇರೆ ಸರ್ವಿಸ್. ಒಂದೇ ಕಡೆ.

ಬೀಟ್‌ಬಸವ
ನಾನೂ ಹಾಗೇ ಅಂದುಕೊಂಡಿದ್ದೆ. ಪಿಎಸ್ ಕಮಾಂಡ್ ಹಾಕಿ ಯಾವ ಪ್ರೊಸೆಸ್ ಓಡುತ್ತಿವೆ ನೋಡಿ. ಹಳೇ ಡಿಪ್ಲಾಯ್‌ನ ಪ್ರೊಸೆಸ್ ಸಾಯದೆ ಕೂತಿರುತ್ತದೆ.

ನಿದ್ದೆಗೆಟ್ಟವ
ಮೂರೂ ಮಶೀನಿನಲ್ಲಿ ನೋಡಿದೆ. ಒಂದೇ ಬೀಟ್.

ಹಳೇಕ್ಯೂ
ಒಂದು ನಿಮಿಷ. ಮೂರು ಮಶೀನಾ? ಇದನ್ನು ಮೊದಲೇ ಹೇಳಬೇಕಲ್ವಾ? ಕನ್‌ಕರೆನ್ಸಿ 1 ಅಂದರೆ ಒಂದು ವರ್ಕರ್‌ಗೆ 1. ಮೂರು ವರ್ಕರ್ ಒಂದೇ ಕ್ಯೂ ಕೇಳುತ್ತಿದ್ದರೆ ಒಟ್ಟಿಗೆ ಮೂರು ಜಾಬ್ ಓಡಬಹುದು. ಇದಕ್ಕೇ ಬೇರೆ ಕ್ಯೂ ಮಾಡಿ, ಒಂದೇ ವರ್ಕರ್ ಅದನ್ನು ಕೇಳಲಿ. ಅಂದ ಹಾಗೆ, ಜಾಬ್ ಎಷ್ಟು ಹೊತ್ತು ಓಡುತ್ತದೆ?

ನಿದ್ದೆಗೆಟ್ಟವ
ಸರಿ, ಮೂರಿರಲಿ. ಬೀಟ್ ಹಾಕಿದ್ದು ಒಂದೇ ಜಾಬ್. ಎರಡನೆಯದು ಎಲ್ಲಿಂದ ಬಂತು ಅನ್ನುವುದು ನನ್ನ ಪ್ರಶ್ನೆ.

ಬೀಗದಕೈ
ಎಲ್ಲಿಂದಲೋ ಬರಲಿ ಬಿಡಿ, ಲಾಕ್ ಹಾಕಿ. ರೆಡಿಸ್‌ನಲ್ಲಿ ಸೆಟ್ ಕಮಾಂಡ್, ಜೊತೆಗೆ ಎನ್‌ಎಕ್ಸ್ ಮತ್ತು ಇಎಕ್ಸ್ (ಎಷ್ಟು ಸೆಕೆಂಡ್ ಆದಮೇಲೆ ಕೀ ತಾನೇ ಅಳಿಯಬೇಕು). ಕೀ ಆಗಲೇ ಇದ್ದರೆ ಸೆಟ್ ಆಗುವುದಿಲ್ಲ, ಜಾಬ್ ಸುಮ್ನೆ ವಾಪಸ್ ಬರಲಿ. ಎರಡೇ ಸಾಲು.

ನಿದ್ದೆಗೆಟ್ಟವ
ಲಾಕ್ ಇದೆಯಲ್ಲ! ಹೇಳಿಲ್ವಾ? ಇಎಕ್ಸ್ 600 ಕೊಟ್ಟಿದ್ದೇನೆ. ಆದರೂ ಎರಡನೆಯದು ಒಳಗೆ ಬರುತ್ತಿದೆ.

ಸಾಲುಮರ
ಲಾಕನ್ನು ರೆಡಿಸ್‌ನಲ್ಲಿ ಇಡುವುದೇ ತಪ್ಪು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಅಡ್ವೈಸರಿ ಲಾಕ್ ತಗೊಳ್ಳಿ. ಕನೆಕ್ಷನ್ ಸತ್ತರೆ ಲಾಕ್ ತಾನೇ ಬಿಡುತ್ತದೆ. ಟೈಮ್‌ಔಟ್ ಊಹೆ ಮಾಡುವ ಕಷ್ಟವೇ ಇಲ್ಲ.

ಬೀಗದಕೈ
ಡೇಟಾಬೇಸ್ ಮುಂದೆ ಕನೆಕ್ಷನ್ ಹಂಚುವ ಪಿಜಿಬೌನ್ಸರ್ ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಇದ್ದು, ಪ್ರತಿ ಟ್ರಾನ್ಸಾಕ್ಷನ್‌ಗೂ ಕನೆಕ್ಷನ್ ಬದಲಾಗಬಹುದಾದರೆ? ಸೆಷನ್ ಲಾಕ್ ಯಾವ ಕನೆಕ್ಷನ್‌ನಲ್ಲಿ ಕೂತಿದೆ ಅಂತ ಹುಡುಕುತ್ತಾ ಕೂರಬೇಕು. ಆ ಪಾಡು ಪಟ್ಟಾಗಿದೆ.

ಸಾಲುಮರ
ಬೌನ್ಸರ್ ಇದೆ ಅಂತ ಅವರು ಹೇಳೇ ಇಲ್ಲ. ರೆಡ್‌ಲಾಕ್ (ಹಲವು ರೆಡಿಸ್ ಸೇರಿಸಿ ಲಾಕ್ ಹಾಕುವ ವಿಧಾನ) ಬಗ್ಗೆ 2016ರಲ್ಲೇ ಮಾರ್ಟಿನ್ ಕ್ಲೆಪ್‌ಮನ್ ಬರೆದ ಟೀಕೆಯನ್ನು ಓದಿ.

ಬೀಗದಕೈ
ಅದಕ್ಕೆ ರೆಡಿಸ್ ಬರೆದ ಆಂಟಿರೆಜ್ ಕೊಟ್ಟ ಉತ್ತರವನ್ನೂ ಓದಿ. ಅಲ್ಲದೆ ಇಲ್ಲಿ ರೆಡಿಸ್ ಒಂದೇ ಇದೆ. ರೆಡ್‌ಲಾಕ್ ಮಾತು ಎಲ್ಲಿಂದ ಬಂತು?

ಮಿನಿರ್ಯಾಕ್
ನಾನಂತೂ ಈ ಗೋಜಿಗೇ ಹೋಗಿಲ್ಲ. ಮನೆಯಲ್ಲಿ ನಾಲ್ಕು ಹಳೇ ಮಿನಿ ಪಿಸಿ ಜೋಡಿಸಿ, ಅವುಗಳಿಗೆ ಕೆಲಸ ಹಂಚುವ ಕುಬರ್ನೆಟಿಸ್ ಹಾಕಿದ್ದೇನೆ. ಅದರ ಕ್ರಾನ್‌ಜಾಬ್‌ಗೆ (ಹೊತ್ತಿಗೆ ಸರಿಯಾಗಿ ಓಡುವ ಜಾಬ್) ಕನ್‌ಕರೆನ್ಸಿ ಪಾಲಿಸಿ ಫರ್ಬಿಡ್ ಕೊಟ್ಟರೆ ಮುಗೀತು, ಹಳೆಯದು ಮುಗಿಯದೆ ಹೊಸದು ಏಳುವುದಿಲ್ಲ. ಓಡುವುದು ಫೋಟೋ ಚಿಕ್ಕದು ಮಾಡುವ ಸ್ಕ್ರಿಪ್ಟ್ ಅಷ್ಟೇ, ಆದರೆ ನೋಡಲು ಎಷ್ಟು ಚೆಂದ ಗೊತ್ತಾ! ಕೇಬಲ್ ಎಲ್ಲ ಒಂದೇ ಬಣ್ಣ.

ಹಳೇಕ್ಯೂ
ಕೇಬಲ್ ಆಮೇಲೆ ನೋಡೋಣ. ನಿದ್ದೆಗೆಟ್ಟವರೇ, ಎರಡು ವಿಷಯ ಹೇಳಿ. ಜಾಬ್ ಎಷ್ಟು ಹೊತ್ತು ಓಡುತ್ತದೆ? ಲಾಗ್‌ನಲ್ಲಿ ಎರಡು ಸಲವೂ ಟಾಸ್ಕ್ ಐಡಿ ಒಂದೇನಾ, ಬೇರೆಬೇರೆಯಾ?

ನಿದ್ದೆಗೆಟ್ಟವ
ಸಾಮಾನ್ಯವಾಗಿ 40 ನಿಮಿಷ. ಈಗ ಡೇಟಾ ಜಾಸ್ತಿ ಆಗಿ ಒಂದೂವರೆ ಗಂಟೆ. ಐಡಿ ನೋಡಿರಲಿಲ್ಲ, ಈಗ ನೋಡಿದೆ. ಎರಡೂ ಕಡೆ ಅದೇ ಐಡಿ! ಮೊದಲನೆಯದು 1:00ಕ್ಕೆ, ಎರಡನೆಯದು 2:01ಕ್ಕೆ, ಬೇರೆ ಮಶೀನಿನಲ್ಲಿ.

ಹಳೇಕ್ಯೂ
ಸಿಕ್ಕಿತು. ಬೀಟ್ ಎರಡು ಸಲ ಹಾಕಿದ್ದರೆ ಐಡಿ ಬೇರೆಬೇರೆ ಇರುತ್ತಿತ್ತು. ಒಂದೇ ಐಡಿ ಅಂದರೆ ಅದೇ ಮೆಸೇಜ್ ಮತ್ತೆ ಹಂಚಿಕೆಯಾಗಿದೆ. ರೆಡಿಸ್ ಬ್ರೋಕರ್‌ಗೆ ವಿಸಿಬಿಲಿಟಿ ಟೈಮ್‌ಔಟ್ ಅಂತ ಒಂದಿದೆ, ಡಿಫಾಲ್ಟ್ 1 ಗಂಟೆ. ಅಷ್ಟರಲ್ಲಿ ವರ್ಕರ್‌ನಿಂದ ಆಕ್ (ಈ ಮೆಸೇಜ್ ಇನ್ನು ಬೇಡ ಅನ್ನುವ ಸೂಚನೆ) ಬರದಿದ್ದರೆ ವರ್ಕರ್ ಸತ್ತಿರಬೇಕು ಅಂದುಕೊಂಡು ಮೆಸೇಜ್ ಮತ್ತೆ ಕ್ಯೂಗೆ ಬೀಳುತ್ತದೆ. ಆದರೆ ಮಾಮೂಲಿ ಸೆಟ್ಟಿಂಗ್‌ನಲ್ಲಿ ಜಾಬ್ ಶುರುವಾಗುವ ಮುಂಚೆಯೇ ಆಕ್ ಹೋಗಿಬಿಡುತ್ತದೆ. ಜಾಬ್ ಮುಗಿದ ಮೇಲೆ ಆಕ್ ಕಳಿಸುವ ಆಕ್ಸ್ ಲೇಟ್ ಆನ್ ಮಾಡಿದ್ದೀರಾ?

ನಿದ್ದೆಗೆಟ್ಟವ
ಹೂಂ... ಹಿಂದೊಮ್ಮೆ ವರ್ಕರ್ ಸತ್ತು ಜಾಬ್ ಕಳೆದುಹೋಗಿತ್ತು. ಆಗ ಹಾಕಿದ್ದೆ. ಎಲ್ಲರೂ ಹಾಕಿರುತ್ತಾರೆ ಅಂತ ಹೇಳಲಿಲ್ಲ.

ಹಳೇಕ್ಯೂ
ಬ್ರೋಕರ್ ಟ್ರಾನ್ಸ್‌ಪೋರ್ಟ್ ಆಪ್ಷನ್ಸ್‌ನಲ್ಲಿ ವಿಸಿಬಿಲಿಟಿ ಟೈಮ್‌ಔಟ್ 14400 ಸೆಕೆಂಡ್, ಅಂದರೆ 4 ಗಂಟೆ ಮಾಡಿ. ನಿಮ್ಮ ಲಾಕ್ ಯಾಕೆ ತಡೆಯಲಿಲ್ಲ ಅಂತಲೂ ಗೊತ್ತಾಯಿತು. 600 ಸೆಕೆಂಡ್ ಅಂದರೆ 10 ನಿಮಿಷ. 1:10ಕ್ಕೇ ಬೀಗ ಕಳಚಿಹೋಗಿದೆ. ಎರಡನೆಯದು ಬಂದಾಗ ಬಾಗಿಲು ಹಾರುಹೊಡೆದಿತ್ತು. ಇನ್ನೊಂದು ಅಪಾಯ: ಮೊದಲನೆಯದು ಮುಗಿದಾಗ ಎರಡನೆಯದರ ಕೀ ಇನ್ನೂ ಇದ್ದರೆ ಅದನ್ನು ಅಳಿಸಿಬಿಡುತ್ತದೆ. ಕೀಗೆ ಪ್ರತಿ ಓಟಕ್ಕೂ ಬೇರೆ ಟೋಕನ್ ಇಡಿ. ನನ್ನದೇ ಅಂತ ಖಾತ್ರಿಯಾದರೆ ಮಾತ್ರ ಅಳಿಸಬೇಕು. ಹೋಲಿಸುವುದು, ಅಳಿಸುವುದು ಎರಡೂ ರೆಡಿಸ್ ಒಳಗೇ ಓಡುವ ಒಂದೇ ಲುವಾ ಸ್ಕ್ರಿಪ್ಟ್‌ನಲ್ಲಿ ಇರಲಿ. ಟೋಕನ್‌ಗೆ ಟಾಸ್ಕ್ ಐಡಿ ಬಳಸಬೇಡಿ, ಇಲ್ಲಿ ಎರಡಕ್ಕೂ ಅದು ಒಂದೇ.

ನಿದ್ದೆಗೆಟ್ಟವ
14400 ಮಾಡಿದೆ. ನಿನ್ನೆ ರಾತ್ರಿ ಮತ್ತೆ 2:01ಕ್ಕೆ ಡಬಲ್! ಕಂಪ್ಯೂಟರ್ ಎತ್ತಿ ಎಸೆಯೋಣ ಅನ್ನಿಸಿತು.

ಬೀಟ್‌ಬಸವ
ಅದಕ್ಕೇ ಹೇಳಿದ್ದು, ಬೀಟ್.

ಹಳೇಕ್ಯೂ
ಮೂರೂ ವರ್ಕರ್ ರೀಸ್ಟಾರ್ಟ್ ಮಾಡಿದಿರಾ? ಒಂದರಲ್ಲಿ ಹಳೇ 3600 ಉಳಿದಿದ್ದರೂ ಸಾಕು, ಅದೇ ಮೆಸೇಜನ್ನು ವಾಪಸ್ ಕ್ಯೂಗೆ ಹಾಕುತ್ತದೆ.

ನಿದ್ದೆಗೆಟ್ಟವ
ಮೂರನೆಯದು ಬಿಟ್ಟುಹೋಗಿತ್ತು. 🤦 ಈಗ ಮಾಡಿದೆ.

ನಿದ್ದೆಗೆಟ್ಟವ
ಎರಡು ರಾತ್ರಿ ಆಯಿತು, ಒಂದೇ ಸಲ ಓಡಿದೆ. ಆದರೆ ಈಗ ವರ್ಕರ್ ಮಧ್ಯದಲ್ಲಿ ಕರೆಂಟ್ ಹೋದಂತೆ ಸತ್ತರೆ, ಜಾಬ್ ಮತ್ತೆ ಬರಲು 4 ಗಂಟೆ ಕಾಯಬೇಕಾ?

ಹಳೇಕ್ಯೂ
ಹೌದು, ಸುಮಾರು ಅಷ್ಟೇ. ಅದು ಬೇಡ ಅಂದರೆ ಜಾಬನ್ನು ತುಂಡು ಮಾಡಿ, ಒಂದೊಂದು ತುಂಡು ಐದು ನಿಮಿಷದಲ್ಲಿ ಮುಗಿಯಲಿ. ಏನೇ ಮಾಡಿದರೂ ಟೇಬಲ್‌ಗೆ ದಿನಾಂಕ ಮತ್ತು ಖಾತೆ ಸೇರಿಸಿ ಯೂನಿಕ್ ಇಂಡೆಕ್ಸ್ ಹಾಕಿ, ಸಾಲು ಸೇರಿಸುವಾಗ ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್ ಬಳಸಿ. ಡಬಲ್ ಬಂದರೂ ಸಾಲು ಡಬಲ್ ಆಗುವುದಿಲ್ಲ. ನಾನಾಗಿದ್ದರೆ ಲಾಕ್‌ಗಿಂತ ಮೊದಲು ಇದನ್ನೇ ಮಾಡುತ್ತಿದ್ದೆ.

ಹೊಸಬ_07
ನನಗೂ ಇದೇ ಗೋಳು. ವಿಸಿಬಿಲಿಟಿ ಟೈಮ್‌ಔಟ್ ಹಾಕಿದೆ, ಏನೂ ಬದಲಾಗಲಿಲ್ಲ. ಬ್ರೋಕರ್ ರ್ಯಾಬಿಟ್‌ಎಂಕ್ಯೂ.

ಹಳೇಕ್ಯೂ
ಆ ಸೆಟ್ಟಿಂಗ್ ರ್ಯಾಬಿಟ್‌ಗೆ ಅಲ್ಲ. ಅಲ್ಲಿರುವುದು ಕನ್ಸ್ಯೂಮರ್ ಟೈಮ್‌ಔಟ್, ಡಿಫಾಲ್ಟ್ 30 ನಿಮಿಷ. ಜಾಬ್ ಎಷ್ಟು ಹೊತ್ತು? ಆಕ್ಸ್ ಲೇಟ್ ಇದೆಯಾ? ಎಷ್ಟು ಮಶೀನ್?

ಹೊಸಬ_07
ಎಲ್ಲ ಮಾಮೂಲಿ ಸೆಟ್ಟಿಂಗ್ ಸರ್.