ನ್ಯಾಕ್ ವರದಿಯಲ್ಲಿ ‘ಜ್ಞಾನಾಧಾರಿತ ಅರ್ಥವ್ಯವಸ್ಥೆ’: ನಮ್ಮ ಪದವಿ ಕಾಲೇಜುಗಳಲ್ಲಿ ನಿಜವಾಗಿ ಬದಲಾದದ್ದೇನು?

ಭೀಮಾತೀರ (ವಿಜಯಪುರ ಜಿಲ್ಲೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಅತಿಥಿ ಉಪನ್ಯಾಸಕ. ಕಾಲೇಜು ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ) ಮೌಲ್ಯಮಾಪನಕ್ಕೆ ಸಿದ್ಧವಾಗುತ್ತಿದ್ದು, ಇಂಗ್ಲಿಷ್‌ನಲ್ಲಿ ಬರೆಯಬಲ್ಲೆ ಎಂಬ ಒಂದೇ ಕಾರಣಕ್ಕೆ ಸ್ವ-ಅಧ್ಯಯನ ವರದಿಯ ಒಂದು ಅಧ್ಯಾಯ ನನ್ನ ಪಾಲಿಗೆ ಬಂದಿದೆ. ಹಿಂದಿನ ವರದಿಯನ್ನು ತೆಗೆದು ನೋಡಿದರೆ ‘ಜ್ಞಾನಾಧಾರಿತ ಅರ್ಥವ್ಯವಸ್ಥೆಗೆ ವಿದ್ಯಾರ್ಥಿಗಳನ್ನು ಸಜ್ಜುಗೊಳಿಸುವುದು’ ಎಂಬ ಮಾತು ಹನ್ನೊಂದು ಕಡೆ ಇದೆ. ಹನ್ನೆರಡನೆಯ ಸಲ ಬರೆಯುವ ಮೊದಲು ಅದರ ಅರ್ಥ ತಿಳಿಯಬೇಕೆನಿಸಿತು.

ಕಳೆದ ವಾರ ಗ್ರಂಥಾಲಯದ ಜಿಯೋಟ್ಯಾಗ್ ಫೋಟೊ ಬೇಕಾಗಿತ್ತು. ಬಿ.ಕಾಂ. ತರಗತಿಯಿಂದ ಇಪ್ಪತ್ತು ಮಂದಿಯನ್ನು ಕರೆತಂದು ಕೂರಿಸಿ, ಕೈಗೊಂದು ಪುಸ್ತಕ ಕೊಟ್ಟು ಫೋಟೊ ತೆಗೆದೆವು. ಅಕ್ಷಾಂಶ, ರೇಖಾಂಶ, ದಿನಾಂಕ, ಸಮಯ ಎಲ್ಲವೂ ಮೂಲೆಯಲ್ಲಿ ಸ್ಪಷ್ಟವಾಗಿ ಮೂಡಿದವು. ಎದ್ದು ಹೋಗುವಾಗ ಒಬ್ಬ ಹುಡುಗಿ, “ಸರ್, ಈ ಪುಸ್ತಕ ಮನೆಗೆ ಒಯ್ಯಬಹುದೇನ್ರಿ?” ಎಂದು ಕೇಳಿದಳು. ಗ್ರಂಥಪಾಲಕರ ಹುದ್ದೆ ಖಾಲಿ ಇರುವುದರಿಂದ ಪುಸ್ತಕ ಬರೆದುಕೊಡುವವರಿಲ್ಲ ಎಂದು ಹೇಳಬೇಕಾಯಿತು.

ನನ್ನ ಪ್ರಶ್ನೆ ಇಷ್ಟೇ: ಈ ಜ್ಞಾನಾರ್ಥಿಕತೆ ಎಂಬುದು ವಿಶ್ವವಿದ್ಯಾಲಯಗಳ ಕೆಲಸವನ್ನು ನಿಜಕ್ಕೂ ಬದಲಿಸುತ್ತಿದೆಯೇ, ಅಥವಾ ನಾವು ತುಂಬಿ ಕಳಿಸುವ ನಮೂನೆಗಳನ್ನು ಮಾತ್ರ ಬದಲಿಸುತ್ತಿದೆಯೇ?

ನಿವೃತ್ತ ಮೇಷ್ಟ್ರು (ಬೆಳಗಾವಿ):

ತಮ್ಮ ಪ್ರಶ್ನೆಗೆ ಸ್ವಲ್ಪ ಹಿಂದಿನಿಂದ ಉತ್ತರಿಸಬೇಕಾಗುತ್ತದೆ, ಬೇಸರಿಸಬಾರದು. ಜ್ಞಾನವನ್ನೂ ಉಕ್ಕು, ಹತ್ತಿಗಳಂತೆ ಉತ್ಪಾದನೆಯ ಸರಕೆಂದು ಎಣಿಸಿ ಲೆಕ್ಕ ಹಾಕಿದವರಲ್ಲಿ ಮೊದಲಿಗರು ಫ್ರಿಟ್ಜ್ ಮಾಕ್ಲುಪ್ ಎಂಬ ಅರ್ಥಶಾಸ್ತ್ರಜ್ಞರು. 1958ರ ಅಮೆರಿಕದ ರಾಷ್ಟ್ರೀಯ ಉತ್ಪನ್ನದಲ್ಲಿ ಅದರ ಪಾಲು ಸುಮಾರು ಶೇ. 29 ಎಂದು ಅವರು 1962ರಲ್ಲಿ ಅಂದಾಜು ಮಾಡಿದರು. ಸರಕು ಎಂದ ಮೇಲೆ ಒಡೆತನದ ಪ್ರಶ್ನೆ ಏಳುತ್ತದೆ. ಸರ್ಕಾರದ ಹಣದಲ್ಲಿ ನಡೆದ ಸಂಶೋಧನೆಯ ಪೇಟೆಂಟನ್ನು ವಿಶ್ವವಿದ್ಯಾಲಯವೇ ಇಟ್ಟುಕೊಳ್ಳಬಹುದೆಂದು ಅಮೆರಿಕ 1980ರಲ್ಲಿ ಕಾನೂನು ಮಾಡಿತು. 2000ದಲ್ಲಿ ಲಿಸ್ಬನ್‌ನಲ್ಲಿ ಸೇರಿದ ಯುರೋಪಿನ ನಾಯಕರು ಹತ್ತು ವರ್ಷಗಳಲ್ಲಿ ಜಗತ್ತಿನ ಅತ್ಯಂತ ಸ್ಪರ್ಧಾತ್ಮಕ ಜ್ಞಾನಾರ್ಥಿಕತೆ ತಮ್ಮದಾಗಬೇಕೆಂದು ಗುರಿ ಇಟ್ಟುಕೊಂಡರು. ನಮ್ಮಲ್ಲಿ 2005ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಅಧ್ಯಕ್ಷತೆಯ ರಾಷ್ಟ್ರೀಯ ಜ್ಞಾನ ಆಯೋಗ ಬಂದು, ದೇಶಕ್ಕೆ 1500 ವಿಶ್ವವಿದ್ಯಾಲಯಗಳು ಬೇಕೆಂದು ಹೇಳಿತು. 2008ರ ಕರ್ನಾಟಕ ಜ್ಞಾನ ಆಯೋಗದ ಅಧ್ಯಕ್ಷರಾಗಿದ್ದ ಕಸ್ತೂರಿರಂಗನ್ ಅವರೇ ಮುಂದೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಕರಡನ್ನು ಸಿದ್ಧಪಡಿಸಿದ ಸಮಿತಿಗೂ ಅಧ್ಯಕ್ಷರಾದರು. ತಮ್ಮ ವರದಿಯ ಆ ಮಾತು ನಡೆದು ಬಂದ ದಾರಿ ಇದು.

ಆದರೆ ನಮ್ಮ ಭಾಗದ ವಿಶ್ವವಿದ್ಯಾಲಯದ ಹುಟ್ಟು ಬೇರೆಯದೇ ಕೆಲಸಕ್ಕಾಗಿ ಆದದ್ದು. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದ್ರಾಸುಗಳಲ್ಲಿ ಆರಂಭವಾದವು ಲಂಡನ್ ವಿಶ್ವವಿದ್ಯಾಲಯದ ಅಂದಿನ ಮಾದರಿಯವು. ಪಾಠ ಮಾಡುವುದು ಕಾಲೇಜು, ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾಲಯ. ಬೊಂಬಾಯಿಯಿಂದ ಆ ಕಟ್ಟಳೆ 1949ರ ಕರ್ನಾಟಕ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ 2010ರಲ್ಲಿ ಭೂತರಾಮನಹಟ್ಟಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಬಂತು. ತನಗೆ ಸೇರಿದ ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕಗಳನ್ನು ನೆಚ್ಚಿ, ಮೌಲ್ಯಮಾಪನ ಕುಲಸಚಿವರ ವೇಳಾಪಟ್ಟಿಯ ಮೇಲೆ ಉಸಿರಾಡುವ ಸಂಸ್ಥೆಯ ಮುಂದೆ ನಾವೀಗ ಎನ್.ಐ.ಆರ್.ಎಫ್. ಎಂಬ ಶಿಕ್ಷಣ ಸಂಸ್ಥೆಗಳ ರಾಷ್ಟ್ರೀಯ ಶ್ರೇಯಾಂಕ ಪಟ್ಟಿ ಹಿಡಿದು ನಿಂತಿದ್ದೇವೆ. ಅದರಲ್ಲಿ ವಿಶ್ವವಿದ್ಯಾಲಯಗಳಿಗೆ ನೂರಕ್ಕೆ ಮೂವತ್ತು ಅಂಕ ಇರುವುದು ಸಂಶೋಧನೆಗೆ! ಪರೀಕ್ಷೆಯ ಕಚೇರಿಗೆ ಪ್ರಯೋಗಾಲಯದ ಅಳತೆಗೋಲು ಹಿಡಿದಂತಾಯಿತು. ಆದ್ದರಿಂದ ತಮಗೆ ನನ್ನ ಉತ್ತರ: ಅಳತೆ ಬದಲಾಗಿದೆ, ಆ ಅಳತೆಗೆ ತಕ್ಕ ಕೆಲಸ ನಡೆಯಲು ಬೇಕಾದ ಹುದ್ದೆಯೂ ಹಣವೂ ಅದರ ಜೊತೆಗೆ ಬಂದಿಲ್ಲ.

ಉದ್ಯಮಬಾಗ (ಬೆಳಗಾವಿ):

ನಾನು ಡಿಪ್ಲೊಮಾ ಓದಿದವನು, ಲೋಹದ ಎರಕ ಹೊಯ್ಯುವ ಫೌಂಡ್ರಿ ನಡೆಸುತ್ತೇನೆ. ಮೇಷ್ಟ್ರು ಹಣದ ಕಡೆಯಿಂದ ಹೇಳಿದ್ದನ್ನು ನಾನು ಕೆಲಸದ ಕಡೆಯಿಂದ ಹೇಳುತ್ತೇನೆ.

ನಮ್ಮಲ್ಲಿ ಎರಕಕ್ಕೆ ಮರಳಿನ ಅಚ್ಚು ಮಾಡುವ ಒಬ್ಬ ಹಿರಿಯ ಮೋಲ್ಡರ್ ಇದ್ದಾರೆ. ಮರಳನ್ನು ಮುಷ್ಟಿಯಲ್ಲಿ ಹಿಚುಕಿ, ಆದ ಉಂಡೆಯನ್ನು ಎರಡಾಗಿ ಮುರಿದು, ಮುರಿದ ಅಂಚನ್ನು ನೋಡಿ ನೀರು ಹೆಚ್ಚೋ ಕಡಿಮೆಯೋ ಹೇಳುತ್ತಾರೆ. ನೀರು ಹೆಚ್ಚಾದರೆ ಎರಕ ಹೊಯ್ದಾಗ ಆವಿ ಎದ್ದು ಕಾಸ್ಟಿಂಗ್‌ನಲ್ಲಿ ಬ್ಲೋ ಹೋಲ್ (ಗಾಳಿಯ ತೂತು) ಬೀಳುತ್ತವೆ, ಮಾಲು ರಿಜೆಕ್ಟ್ ಆಗುತ್ತದೆ. ಮಳೆಗಾಲದಲ್ಲೊಮ್ಮೆ ರಿಜೆಕ್ಷನ್ ಬಹಳ ಹೆಚ್ಚಾದಾಗ, ಅವರ ಕೈಯ ಅಂದಾಜನ್ನು ತೇವಾಂಶ ಅಳೆಯುವ ಯಂತ್ರದ ಅಂಕಿಯೊಂದಿಗೆ ಹೋಲಿಸಿ ದಿನಕ್ಕೆ ನಾಲ್ಕು ಸಲ ಬರೆದಿಡುವ ಒಬ್ಬ ವಿದ್ಯಾರ್ಥಿ ನನಗೆ ಬೇಕಾಗಿದ್ದ. ಬಂದ ಮೂವರಿಗೂ ಬೇಕಾಗಿದ್ದದ್ದು ಇಂಟರ್ನ್‌ಶಿಪ್ ಸರ್ಟಿಫಿಕೇಟು. ಒಬ್ಬನಂತೂ ಅದನ್ನು ಮನೆಯಲ್ಲೇ ಟೈಪ್ ಮಾಡಿಸಿ ಸಹಿಗಾಗಿ ತಂದಿದ್ದ. ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಪದವಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ ಸಿಗುವುದು ಕಾಗದಕ್ಕೆ. 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಅನುಭವದ ಕಲಿಕೆಗೂ ಕ್ರೆಡಿಟ್ ಕೊಡಬಹುದೆಂದು ಇದೆಯಂತೆ. ಹಾಗಿದ್ದರೆ ನಮ್ಮ ಮೋಲ್ಡರ್ ಕಾಕಾನಿಗೆ ಎಷ್ಟು ಕ್ರೆಡಿಟ್ ಕೊಡುವಿರಿ, ಮತ್ತು ಅದನ್ನು ಅಳೆಯುವವರು ಯಾರು?

ಖಣದ ಮನೆ (ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ):

ಹಿರಿಯರಿಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಅದರಲ್ಲಿ ಹಳೆಯ ಕಾಲವೇ ಚೆನ್ನಾಗಿತ್ತೆಂಬ ಧ್ವನಿ ಸುಳಿದರೆ ಅದನ್ನು ಒಪ್ಪಲಾರೆ. ನಾನು ನೇಕಾರರ ಮನೆಯ ಮಗಳು, ಈಗ ಪಿಎಚ್.ಡಿ. ಮಾಡುತ್ತಿದ್ದೇನೆ. ವಿಜಯಪುರದಲ್ಲಿ 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಆರಂಭವಾಗದೇ ಇದ್ದಿದ್ದರೆ ನಮ್ಮ ಓಣಿಯ ಎಷ್ಟೋ ಅಕ್ಕಂದಿರು ಎಂ.ಎ. ಮೆಟ್ಟಿಲು ಹತ್ತುತ್ತಿರಲಿಲ್ಲ. ಹೆಚ್ಚು ಜನ ಓದಬೇಕೆಂಬ ಒತ್ತಾಯದ ಹಿಂದೆ ಮಾರುಕಟ್ಟೆಯ ಲೆಕ್ಕವೂ ಇರಬಹುದು, ಆದರೆ ಬಾಗಿಲು ತೆರೆದದ್ದು ನಿಜ.

ನನ್ನ ತಕರಾರು ಬೇರೆ ಇದೆ. ಯು.ಜಿ.ಸಿ. (ವಿಶ್ವವಿದ್ಯಾಲಯ ಅನುದಾನ ಆಯೋಗ) 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ಬಡ್ತಿಗೆ ಎ.ಪಿ.ಐ. ಎಂಬ, ಪ್ರಕಟಣೆಯಂಥ ಕೆಲಸಗಳನ್ನು ಎಣಿಸಿ ಕೊಡುವ ಅಂಕಗಳನ್ನು ಗಂಟುಹಾಕಿದ ಮೇಲೆ ಲೇಖನ ಪ್ರಕಟಿಸುವುದೇ ಒಂದು ವ್ಯಾಪಾರವಾಯಿತು. ನನಗೆ ಬಂದ ವಾಟ್ಸ್ಆ್ಯಪ್ ಸಂದೇಶವೊಂದರಲ್ಲಿ ‘ಮೂರು ದಿನಗಳಲ್ಲಿ ಒಪ್ಪಿಗೆ, ಪ್ರಮಾಣಪತ್ರ ಉಚಿತ’ ಎಂದಿತ್ತು; ಲೇಖನದ ವಿಷಯವನ್ನು ಅವರು ಕೇಳಲೇ ಇಲ್ಲ. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಿರಲೇಬೇಕೆಂಬ ಕಡ್ಡಾಯವನ್ನು 2022ರಲ್ಲಿ ತೆಗೆದರು. ಯು.ಜಿ.ಸಿ. ಒಪ್ಪಿದ ಸಂಶೋಧನಾ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನೂ 2025ರಲ್ಲಿ ಕೈಬಿಟ್ಟರು. ಅಂದರೆ ರೋಗ ಅವರಿಗೂ ಗೊತ್ತಾಗಿದೆ. ಆದರೂ ಖಣದ ಮಗ್ಗಗಳ ಬಗ್ಗೆ ನಾನು ಕನ್ನಡದಲ್ಲಿ ಬರೆದು, ನೇಕಾರರ ಮನೆಯ ಕಟ್ಟೆಯ ಮೇಲೆ ಕುಳಿತು ಓದಿ ಹೇಳಿದ ಇಪ್ಪತ್ತು ಪುಟಗಳಿಗೆ ಯಾವ ಕಾಲಂನಲ್ಲೂ ಜಾಗವಿಲ್ಲ. ಅಂದು ಒಬ್ಬ ಅಜ್ಜ ನಡುವೆ ತಡೆದು, ನಾನು ಬರೆದ ನೂಲಿನ ಲೆಕ್ಕ ತಪ್ಪೆಂದು ತೋರಿಸಿಕೊಟ್ಟರು. ನನ್ನ ಇಂಗ್ಲಿಷ್ ಲೇಖನದಲ್ಲಿದ್ದ ಅದೇ ತಪ್ಪು ಪರಿಶೀಲಕರಿಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ನಿವೃತ್ತ ಮೇಷ್ಟ್ರು (ಬೆಳಗಾವಿ):

ತಂಗೀ, ನಿನ್ನ ಆಕ್ಷೇಪ ಸರಿಯಾಗಿದೆ. ಬಾಗಿಲು ತೆರೆದದ್ದನ್ನು ನಾನು ಹೇಳಬೇಕಾಗಿತ್ತು. ಆದರೆ ತೆರೆದ ಬಾಗಿಲನ್ನು ಹೇಗೆ ನಡೆಸಿಕೊಂಡೆವು ಎಂಬುದಕ್ಕೆ ನಿಮ್ಮ ಜಿಲ್ಲೆಯ ಉದಾಹರಣೆಯೇ ಇದೆ. ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ 2023ರಲ್ಲಿ ಆರಂಭವಾಯಿತು, 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿಯಲ್ಲಿ ಅದನ್ನೂ ಸೇರಿಸಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಬಂತು. ಹೊಸ ವಿಶ್ವವಿದ್ಯಾಲಯ ಎಂದರೆ ಹಳೆಯದರ ಕಾಲೇಜುಗಳನ್ನು ಹಂಚಿಕೊಳ್ಳುವುದು ಎಂದಷ್ಟೇ ಆದಾಗ ಇಬ್ಬರ ಶುಲ್ಕದ ಆದಾಯವೂ ಸೊರಗುತ್ತದೆ. ಅಣ್ಣತಮ್ಮಂದಿರು ಪಾಲಾದಾಗ ಬಾವಿ ಒಂದೇ ಉಳಿದಂತೆ.

ಭೀಮಾತೀರ (ವಿಜಯಪುರ ಜಿಲ್ಲೆ):

ಎಲ್ಲರಿಗೂ ಧನ್ಯವಾದಗಳು. ನಮ್ಮ ರಾಜ್ಯದಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಅದನ್ನು ಬಿಟ್ಟು ಮತ್ತೆ ಮೂರು ವರ್ಷವಾಯಿತು. ಒಂದೇ ಕೊಠಡಿಯಲ್ಲಿ ಬೆಳಿಗ್ಗೆ ಒಂದು ನೀತಿಯ ಪಠ್ಯಕ್ರಮವನ್ನೂ ಮಧ್ಯಾಹ್ನ ಇನ್ನೊಂದರದನ್ನೂ ಪಾಠ ಮಾಡಿದವನಿಗೆ ಅಳತೆ ಮತ್ತು ಕೆಲಸದ ನಡುವಿನ ಈ ವ್ಯತ್ಯಾಸ ಈಗ ಸ್ಪಷ್ಟವಾಗಿ ಕಾಣುತ್ತಿದೆ.

ವರದಿಯಲ್ಲಿ ದೌರ್ಬಲ್ಯಗಳನ್ನು ಬರೆಯಲು ಒಂದು ಭಾಗ ಇರುತ್ತದೆ. ಹಿಂದಿನ ಸಲ ಅಲ್ಲಿ ‘ಗ್ರಾಮೀಣ ಹಿನ್ನೆಲೆಯ ವಿದ್ಯಾರ್ಥಿಗಳು’ ಎಂದು ಬರೆದಿದ್ದರು. ಅದನ್ನು ಹೊಡೆದು ‘ಗ್ರಂಥಪಾಲಕರ ಹುದ್ದೆ ಖಾಲಿ ಇದೆ’ ಎಂದು ಬರೆದಿದ್ದೇನೆ, ಪ್ರಾಚಾರ್ಯರು ಇನ್ನೂ ನೋಡಿಲ್ಲ. ಆ ಪುಸ್ತಕವನ್ನು, ಅದು ವೆಚ್ಚ ಲೆಕ್ಕಶಾಸ್ತ್ರದ್ದು, ನನ್ನ ಹೆಸರಿನಲ್ಲಿ ಬರೆದು ಹುಡುಗಿಗೆ ಕೊಟ್ಟೆ.

ಉದ್ಯಮಬಾಗದ ಅಣ್ಣಾವರೇ, ಒಂದು ಕಾಸ್ಟಿಂಗ್ ರಿಜೆಕ್ಟ್ ಆದರೆ ನಷ್ಟವನ್ನು ಯಾವ ಲೆಕ್ಕಕ್ಕೆ ಹಾಕುತ್ತಾರೆಂಬುದನ್ನು ನನ್ನ ಅಂತಿಮ ವರ್ಷದವರಿಗೆ ನಿಮ್ಮ ಫೌಂಡ್ರಿಯಲ್ಲೇ ತೋರಿಸುವ ಆಸೆ ಇದೆ. ನಮ್ಮಿಂದ ಬೆಳಗಾವಿ ದೂರ, ಒಂದೇ ದಿನದಲ್ಲಿ ಹೋಗಿ ಬರಬೇಕು. ಎರಕ ಹೊಯ್ಯುವ ವಾರ ಯಾವುದು, ಎಷ್ಟು ಗಂಟೆಯೊಳಗೆ ನಾವು ಬಂದಿರಬೇಕು ಎಂದು ತಿಳಿಸಿದರೆ ಬಸ್ಸಿನ ವ್ಯವಸ್ಥೆ ಮಾಡಿಕೊಳ್ಳುತ್ತೇನೆ.