ಕ್ಯಾನ್ಸರ್ ಆಪರೇಷನ್ ನಂತರ ಕೃತಕ ಮೂಗು: ಪ್ರಶ್ನೋತ್ತರ

ಅಡ್ಮಿನ್: ಕ್ಯಾನ್ಸರ್‌ನಿಂದ ಮೂಗು ಕಳೆದುಕೊಂಡವರಿಗೆ ಸಿಲಿಕೋನ್ ಮೂಗು ಮಾಡಿಕೊಡುವ ಡಾಕ್ಟರ್ ಮೇಡಂ ಇವತ್ತು ಗುಂಪಿನಲ್ಲಿದ್ದಾರೆ. ಕೇಳಿ.

ತುಮಕೂರು ಸದಸ್ಯ: ನಮಸ್ಕಾರ ಮೇಡಂ. ಖರ್ಚು ಎಷ್ಟು? ಎಷ್ಟು ವರ್ಷ ಬಾಳುತ್ತೆ?

ಡಾಕ್ಟರ್: ನಮಸ್ಕಾರ. ಖರ್ಚು ಒಂದೊಂದು ಕಡೆ ಒಂದೊಂದು ಥರ. ದಂತ ಕಾಲೇಜಿನ ಪ್ರಾಸ್ತೋಡಾಂಟಿಕ್ಸ್ (ಕೃತಕ ಹಲ್ಲು, ಕೃತಕ ಮೂಗು ಮಾಡುವ) ವಿಭಾಗದಲ್ಲಿ ವಿಚಾರಿಸಿ. ಸಾಮಾನ್ಯವಾಗಿ 1ರಿಂದ 3 ವರ್ಷ ಬರುತ್ತದೆ. ಬಿಸಿಲು, ಬೆವರು, ಬೀಡಿ ಹೊಗೆಗೆ ಬಣ್ಣ ಮಾಸುತ್ತದೆ.

ಹಾವೇರಿ ಸದಸ್ಯೆ: ಮೇಡಂ, ನಮ್ಮ ಅಪ್ಪಾಜಿಗೆ 63. ಮೂಗು ಪೂರ್ತಿ ತೆಗೆದಿದ್ದಾರೆ. ಕರೆಂಟ್ (ರೇಡಿಯೇಷನ್) ಕೊಡಿಸಿ ಏಳು ತಿಂಗಳಾಯ್ತು. ಸಿಲಿಕೋನ್ ಮೂಗು ಬಂದ ಮೇಲೆ ಸಂತೆಗೆ ಹೋಗೋಕೆ ಶುರು ಮಾಡಿದ್ರು. ಕೊಟ್ಟ ಗಮ್ ಖಾಲಿಯಾಗಿ ಅಂಗಡಿಯ ಕ್ವಿಕ್ ಗಮ್ ಹಚ್ಚಿದ್ದಾರೆ. ಮೊಮ್ಮಕ್ಕಳು ಹೆದರ್ತಾವೆ ಅಂತ ರಾತ್ರಿನೂ ತೆಗೆಯಲ್ಲ. ಈಗ ಅಂಚಲ್ಲಿ ಹುಣ್ಣು. ಮೂರು ವಾರದಿಂದ ಮಾಯ್ತಿಲ್ಲ, ಮುಟ್ಟಿದ್ರೆ ರಕ್ತ.

ಡಾಕ್ಟರ್: ತಾಯಿ, ಮೊದಲು ಆ ಮೂಗು ತೆಗೆಸಿ. ಸುಲಭವಾಗಿ ಬಂದರೆ ಮಾತ್ರ. ಕರೆಂಟ್ ತಗೊಂಡ ಚರ್ಮ ಬಹಳ ನಾಜೂಕು, ಎಳೆದರೆ ಕಿತ್ತು ಬರುತ್ತದೆ. ಸ್ಪಿರಿಟ್, ಪೆಟ್ರೋಲ್ ಮುಟ್ಟಿಸಬೇಡಿ. ಬರದಿದ್ದರೆ ಸೀದಾ ಆಸ್ಪತ್ರೆಗೆ.

ಹುಣ್ಣು ಆ ಗಮ್ಮಿನಿಂದ ಆಗಿರಬಹುದು. ಕ್ಯಾನ್ಸರ್ ತಿರುಗಿ ಬಂದಿರಲೂಬಹುದು. ಫೋಟೋ ನೋಡಿ ಹೇಳೋಕೆ ಆಗಲ್ಲ. ಆಪರೇಷನ್ ಮಾಡಿದ ಡಾಕ್ಟರ್ ಹತ್ತಿರ ಈ ವಾರವೇ ಹೋಗಿ. ಬೇಕೆನಿಸಿದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.

ಹುಣ್ಣು ಮಾಯುವವರೆಗೆ ಮೂಗು ಬೇಡ, ಗಾಯಕ್ಕೆ ಹಾಕುವ ಗಾಜ್ ಬಟ್ಟೆ ಸಾಕು. ಆಮೇಲೂ ಚರ್ಮಕ್ಕಂತಲೇ ಮಾಡಿದ ಗಮ್ ಮಾತ್ರ. ರಾತ್ರಿ ತೆಗೆದು ಸೋಪು ನೀರಲ್ಲಿ ತೊಳೆದಿಡಬೇಕು. ಮಕ್ಕಳು ಹೆದರುತ್ತಾರೆ ಅನ್ನೋ ಮಾತು ಓದಿ ನನಗೂ ಸಂಕಟವಾಯಿತು. ಮಲಗುವಾಗ ಮೆತ್ತನೆ ಬಟ್ಟೆಯ ಪಟ್ಟಿ ಕಟ್ಟಿಕೊಳ್ಳಲಿ. ಕನ್ನಡಕಕ್ಕೆ ಜೋಡಿಸುವ ಮೂಗೂ ಇದೆ, ಅದನ್ನೂ ಕೇಳಿ. ಮೂಳೆಗೆ ಸ್ಕ್ರೂ ಕೂರಿಸಿ ಮ್ಯಾಗ್ನೆಟ್‌ನಿಂದ ಹಿಡಿಸುವುದೂ ಉಂಟು. ಆದರೆ ಕರೆಂಟ್ ಕೊಟ್ಟ ಮೂಳೆಯಲ್ಲಿ ಸ್ಕ್ರೂ ಕೂರದೇ ಹೋಗುವ ಅಪಾಯ ಜಾಸ್ತಿ.

ಮಂಡ್ಯ ಸದಸ್ಯ: ಲಕ್ಷ್ಮಣಫಲದ ಎಲೆ ಕಷಾಯ ಕೊಡಿ ಅಕ್ಕ. ಹುಣ್ಣಿಗೆ ಅರಿಶಿನ, ಸುಣ್ಣ. ಫಾರ್ವರ್ಡ್ ಬಂದಿದೆ, ಹಾಕ್ತೀನಿ.

ಡಾಕ್ಟರ್: ಹಾಕಬೇಡಿ. ಸುಣ್ಣ ಚರ್ಮ ಸುಡುತ್ತದೆ. ಕಷಾಯ ನಂಬಿ ತಿಂಗಳುಗಟ್ಟಲೆ ತಡ ಮಾಡಿದವರನ್ನು ನಾನು ನೋಡಿದ್ದೇನೆ.

ಶಿರಸಿ ಸದಸ್ಯೆ: ಮೇಡಂ, ನಮ್ಮ ಅತ್ತಿಗೆಗೆ ಮೂಗುಬೊಟ್ಟು ಹಾಕೋ ಹಾಗೆ ಮಾಡಿಕೊಡ್ತಾರಾ?

ಧಾರವಾಡ ಸದಸ್ಯ: ಪ್ಲಾಸ್ಟಿಕ್ ಮೂಗು ಯಾಕ್ರೀ? ಪುಣೆಯಲ್ಲಿ ಮೂಗು ಕೊಯ್ಸಿಕೊಂಡ ಒಬ್ಬನಿಗೆ ಹಣೆ ಚರ್ಮದಿಂದ ಮೂಗು ಕಟ್ಟಿದ್ದನ್ನ 1794ರಲ್ಲೇ ಲಂಡನ್ ಪತ್ರಿಕೆ ಬರೆದಿತ್ತು.

ಮೈಸೂರು ಸದಸ್ಯ: ಆ ಮೂಗು ಕೊಯ್ಸಿದ್ದು ಟಿಪ್ಪು ಕಡೆಯವರು. ಅದನ್ನೂ ಹೇಳಿ.

ಧಾರವಾಡ ಸದಸ್ಯ: ಅವನು ಇಂಗ್ಲಿಷರ ಸೈನ್ಯದ ಗಾಡಿ ಎತ್ತು ಹೊಡೀತಿದ್ದ. ಅದನ್ನ ನೀವು ಹೇಳ್ರಿ.

ಮೈಸೂರು ಸದಸ್ಯ: ಅದಕ್ಕೆ ಮೂಗು ಕೊಯ್ಯೋದಾ?

ಡಾಕ್ಟರ್: ಹಣೆ ಚರ್ಮದ ಆಪರೇಷನ್ ಇವತ್ತಿಗೂ ಮಾಡುತ್ತಾರೆ. ಆದರೆ ಪೂರ್ತಿ ಮೂಗು ಹೋದಾಗ ಒಳಪದರ, ಮೃದ್ವಸ್ಥಿ ಎಲ್ಲ ಕಟ್ಟಬೇಕು. ಒಂದೇ ಆಪರೇಷನ್‌ಗೆ ಮುಗಿಯಲ್ಲ. ಸಿಲಿಕೋನ್ ಮೂಗು ತೆಗೆದರೆ ಒಳಗೆ ಕ್ಯಾನ್ಸರ್ ಮರಳಿದೆಯಾ ಅಂತ ಕಣ್ಣಾರೆ ನೋಡಬಹುದು. ಟಿಪ್ಪು ಜಗಳ ಬೇರೆ ಕಡೆ ಮಾಡಿ.

ಮೈಸೂರು ಸದಸ್ಯ: ಶುರು ಮಾಡಿದ್ದು ನಾನಲ್ಲ.

ಗದಗ ಸದಸ್ಯ: ಮೇಡಂ, ರೇಟ್ ಎಷ್ಟು?

ಡಾಕ್ಟರ್: ಮೇಲೆ ಓದಿ.

ಮಂಡ್ಯ ಸದಸ್ಯ: ಇಷ್ಟು ಸಿಟ್ಟು ಯಾಕೆ ಮೇಡಂ? ಒಳ್ಳೇದಕ್ಕೇ ಹೇಳಿದ್ದು.

ಹಾವೇರಿ ಸದಸ್ಯೆ: ಮೇಡಂ, ಒಂದು ಕಡೆ ಬಿಟ್ಟಿದೆ, ಇನ್ನೊಂದು ಕಡೆ ಅಂಟಿದೆ.

ಡಾಕ್ಟರ್: ಹಾಗೇ ಬಿಡಿ. ಬೆಳಗ್ಗೆಯೇ ಹೊರಡಿ. ಹಳೇ ರಿಪೋರ್ಟು, ಆ ಗಮ್ಮಿನ ಟ್ಯೂಬು ಎರಡೂ ಜೊತೆಗಿರಲಿ.