ಲಿವರ್‌ನ 'ಪೂರಕ', ಮತ್ತೆ ನೆಲನೆಲ್ಲಿ: ಚೀಟಿಗೆ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಕುಮಟಾದಲ್ಲಿ ನಮ್ಮದೊಂದು ಮೆಡಿಕಲ್ ಅಂಗಡಿ ಇದೆ. ಲಿವರ್‌ಗೆ ಒಳ್ಳೆಯದು ಅಂತ ಈಗ ಬರುವ ಮಾತ್ರೆ, ಪುಡಿ, ಸಿರಪ್ಪುಗಳ ಬಗ್ಗೆ ಒಂದು ಪುಟದ ಕನ್ನಡ ಚೀಟಿ ಮಾಡಿ ಗಿರಾಕಿಗಳಿಗೆ ಕೊಡಬೇಕು ಅಂತಿದ್ದೇನೆ. ವಿಷಯ ಗೊತ್ತಿದೆ, ಪದಗಳೇ ತೊಡಕಾಗಿವೆ. ನಿಮ್ಮ ಸಹಾಯ ಬೇಕು.

ಮೊದಲು 'ಪೂರಕ'. ಸಪ್ಲಿಮೆಂಟ್‌ಗೆ ಎಲ್ಲ ಕಡೆ ಇದನ್ನೇ ಬರೆಯುತ್ತಾರೆ. ನಮ್ಮ ಕಡೆ ಪೂರಕ ಅಂದರೆ ಹಿಂದೆ ಇದ್ದ ಎಸ್ಸೆಸ್ಸೆಲ್ಸಿಯ ಪೂರಕ ಪರೀಕ್ಷೆ, ಇಲ್ಲವೇ ಅಂಗನವಾಡಿಯ ಪೂರಕ ಪೌಷ್ಟಿಕ ಆಹಾರ. ಕಳೆದ ಮಳೆಗಾಲದಲ್ಲಿ ಒಬ್ಬ ಅಜ್ಜಿ ಡಬ್ಬಿಯೊಂದನ್ನು ಕೌಂಟರಿನ ಮೇಲಿಟ್ಟು, ಅದರ ಮೇಲಿದ್ದ 'ಯಕೃತ್ ಪೂರಕ' ಎಂಬ ಅಕ್ಷರಗಳ ಮೇಲೆ ಬೆರಳಾಡಿಸಿ ಕೇಳಿದರು: "ತಮಾ, ಇದು ಮದ್ದೋ, ಊಟವೋ?" ಅವರ ಮಗ ಅದನ್ನು ಮದ್ದು ಅಂತ ತಿಳಿದು, ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಇದನ್ನೇ ತೆಗೆದುಕೊಳ್ಳುತ್ತಿದ್ದ. ಲಿವರ್‌ನಲ್ಲಿ ಕೊಬ್ಬು ಸೇರಿದೆ ಅಂತ ಸ್ಕ್ಯಾನಿಂಗ್‌ನಲ್ಲಿ ಬಂದಿತ್ತಂತೆ. ಸಕ್ಕರೆ ಕಾಯಿಲೆ ಇದ್ದವರಿಗೆ ಆ ಕೊಬ್ಬು ಸೇರುವುದೇ ಜಾಸ್ತಿ. ಸಕ್ಕರೆ ಹಿಡಿತದಲ್ಲಿಡುವ ಮಾತ್ರೆಯನ್ನೇ ಬಿಟ್ಟರೆ ಹೇಗೆ? ವಾಪಸ್ ಡಾಕ್ಟರ ಹತ್ತಿರ ಹೋಗಲು ಹೇಳಿ ಕಳಿಸಿದೆ. ಆ ರಾತ್ರಿಯೇ ಈ ಚೀಟಿ ಬರೆಯಲು ಕೂತೆ.

ಅಜ್ಜಿಯ ಪ್ರಶ್ನೆಗೆ ಕಾನೂನಿನಲ್ಲಿ ಸ್ಪಷ್ಟ ಉತ್ತರ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಸಪ್ಲಿಮೆಂಟ್ ಎಂಬುದು ಆಹಾರ. ಔಷಧವಾಗಿ ಬಳಸಲು ಅಲ್ಲ ಎಂಬ ಮಾತು ಡಬ್ಬಿಯ ಮೇಲೆ ಇರಲೇಬೇಕು. 14 ಅಂಕಿಯ ಲೈಸೆನ್ಸ್ ನಂಬರೂ ಇರುತ್ತದೆ. ಆಯುರ್ವೇದ ಔಷಧವಾದರೆ ಅದು 1940ರ ಔಷಧ ಕಾಯ್ದೆಯ ಕೆಳಗೆ ಬರುತ್ತದೆ, ಲೈಸೆನ್ಸೇ ಬೇರೆ. ಒಂದೇ ಗಿಡದ ಸತ್ವ ಎರಡೂ ಬಗೆಯ ಡಬ್ಬಿಯಲ್ಲಿ ಸಿಗುತ್ತದೆ. ಆದರೆ ನಮ್ಮ ಮಾತಿನಲ್ಲಿ ಎರಡೂ ಮದ್ದೇ, ಹೆಚ್ಚೆಂದರೆ ಗಾಂವಟಿ ಮದ್ದು. 'ಮೇಲೂಟ' ಅಂತ ಬರೆದರೆ ಹೇಗೆ ಅಂತ ಯೋಚಿಸಿದೆ, ಮನೆಯವರು ಒಪ್ಪಲಿಲ್ಲ. 'ಕೊರತೆ ತುಂಬುವ ಆಹಾರ' ಉದ್ದವಾಯ್ತು, ಆದರೆ ನನಗೆ ಅದೇ ಇಷ್ಟ. ಕೊರತೆ ಇದ್ದರೆ ತಾನೇ ತುಂಬುವುದು? ವಿಟಮಿನ್ ಎ ಜಾಸ್ತಿ ಆದರೆ ಲಿವರ್‌ಗೇ ಪೆಟ್ಟು. ಪೂರಕ ಅನ್ನುವಾಗ ಆ ಎಚ್ಚರ ಕೇಳಿಸುವುದಿಲ್ಲ.

'ಲಿವರ್ ಸಪೋರ್ಟ್' ಅನ್ನುವಲ್ಲಿಯ ಸಪೋರ್ಟ್‌ಗೆ ಬೆಂಬಲ ಬೇಡ, ಅದು ಭತ್ತದ ಬೆಲೆಗೂ ಪಕ್ಷಕ್ಕೂ ಕೊಡುವಂಥದ್ದು. 'ಒತ್ತಾಸೆ' ಚೆನ್ನಾಗಿದೆ ಅಲ್ವಾ?

ಲಿವರ್‌ಗೆ ಲಿವರ್ ಅಂತಲೇ ಬರೆಯುತ್ತೇನೆ. ಪಾಠಪುಸ್ತಕದ 'ಪಿತ್ತಜನಕಾಂಗ' ಇಲ್ಲಿ ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ಪಿತ್ತ ಅಂದರೆ ವಾಕರಿಕೆ, ತಲೆ ತಿರುಗುವುದು, ಬಾಯಿ ಕಹಿಯಾಗುವುದು. ಪಿತ್ತ ಅಂದ ಕೂಡಲೇ ಮುರುಗಲು ಶರಬತ್ತು ಮಾಡಿ ಕುಡಿಯುತ್ತಾರೆ. ಕೆಲವರು ಲಿವರ್‌ಗೆ 'ಪಿತ್ತಕೋಶ' ಅಂತಲೂ ಬರೆಯುತ್ತಾರೆ. ಅದು ಗಾಲ್ ಬ್ಲಾಡರ್, ಕಲ್ಲು ಆಗುವ ಚೀಲ. ಕೊಂಕಣಿಯ ನೆರೆಯವರನ್ನು ಕೇಳಿದರೆ ಕಾಳೀಜ್ ಅಂದರೆ ಹೃದಯ ಅಂತಾರೆ. ಹಿಂದಿಯ ಕಲೇಜಾ ಲಿವರೂ ಹೌದು, ಧೈರ್ಯದ ಎದೆಯೂ ಹೌದು. ಒಂದೇ ಬೇರಿನ ಪದ ಒಂದು ಭಾಷೆಯಲ್ಲಿ ಲಿವರ್‌ನಲ್ಲೂ ಎದೆಯಲ್ಲೂ ನಿಂತು, ಇನ್ನೊಂದರಲ್ಲಿ ಪೂರ್ತಿ ಎದೆಗೆ ಏರಿದ್ದು ನೋಡಿ ಖುಷಿಯಾಯ್ತು.

ಇನ್ನು ಗಿಡದ ಹೆಸರು. ನನಗೆ ನಿಜವಾಗಿ ಭಯ ಇರುವುದು ಇಲ್ಲೇ. ಕಾಮಾಲೆಗೆ ನೆಲನೆಲ್ಲಿ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಶಿರಸಿ ಕಡೆಯ ಮನೆಗಳಲ್ಲಿ ತಂಬುಳಿಯನ್ನೂ ಮಾಡುತ್ತಾರೆ. ಗಿಡ ಗೇಣುದ್ದ. ಕಡ್ಡಿಯನ್ನು ಮಗುಚಿ ಹಿಡಿದರೆ ಎಲೆಗಳ ಅಡಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಹಸಿರು ಕಾಯಿಗಳು ಸಾಲಾಗಿ ತೂಗುತ್ತವೆ. ಪಕ್ಕದಲ್ಲೇ ಅದರ ತಮ್ಮನಂಥ ಇನ್ನೊಂದು ಬೆಳೆಯುತ್ತದೆ. ದಂಟು ಕೆಂಪಗೆ, ಕಾಯಿ ಮುಟ್ಟಿದರೆ ತರಿತರಿ, ತೊಟ್ಟೇ ಇಲ್ಲದೆ ಕಡ್ಡಿಗೆ ಅಂಟಿಕೊಂಡಿರುತ್ತದೆ. ಅದು ಬೇರೆ ಜಾತಿ. ಕೀಳುವವರು ಎರಡನ್ನೂ ಒಂದೇ ಕಟ್ಟಿಗೆ ಸೇರಿಸುತ್ತಾರೆ. 'ನೆಲನೆಲ್ಲಿ' ಅಂತ ಓದಿ ನೆಲ್ಲಿಕಾಯಿ ಜ್ಯೂಸ್ ಕೇಳಿದವರೂ ಇದ್ದಾರೆ. 'ನೆಲ' ಅಂತ ಕೇಳಿ ನೆಲಬೇವು ಒಯ್ದವರೂ ಇದ್ದಾರೆ. ನೆಲಬೇವಿಗೆ ನಮ್ಮಲ್ಲಿ ಕಿರಾತಕಡ್ಡಿ ಅಂತಲೂ ಹೇಳುತ್ತಾರೆ. ಆದರೆ ಗ್ರಂಥಗಳ ಕಿರಾತತಿಕ್ತ ಹಿಮಾಲಯದ ಗಿಡ, ನಮ್ಮ ಹಿತ್ತಲಿನದ್ದಲ್ಲ. ಕಹಿ ಒಂದೇ ಆದ್ದರಿಂದ ಹೆಸರೂ ಒಂದೇ ಆಗಿರಬೇಕು.

ಹೆಸರು ಬೆರೆತರೆ ಏನಾಗುತ್ತದೆ ಅನ್ನುವುದಕ್ಕೆ ಅಮೃತಬಳ್ಳಿ ನೋಡಿ. 2021ರಲ್ಲಿ ಮುಂಬೈಯ ವೈದ್ಯರು ಅದನ್ನು ಸೇವಿಸಿದ ಕೆಲವರ ಲಿವರ್‌ಗೆ ಹಾನಿಯಾಗಿದ್ದನ್ನು ವರದಿ ಮಾಡಿದರು. ಅದನ್ನೇ ಹೋಲುವ ಬೇರೆ ಬಳ್ಳಿ ಇರಬಹುದು ಅಂತ ಆಯುಷ್ ಸಚಿವಾಲಯ ಉತ್ತರ ಕೊಟ್ಟಿತು. ಇಬ್ಬರಲ್ಲಿ ಯಾರು ಸರಿಯಾದರೂ ಬಳ್ಳಿಯ ಗುರುತು ಸರಿ ಇರಲೇಬೇಕಿತ್ತು.

ನೆಲನೆಲ್ಲಿಯ ಕೀರ್ತಿಗೂ ಒಂದು ಕಾರಣ ಇದೆ. ಕಾಮಾಲೆ ತರುವ ಹೆಪಟೈಟಿಸ್ (ಲಿವರ್‌ಗೆ ತಗಲುವ ವೈರಸ್ ಸೋಂಕು) ಎ ಮತ್ತು ಇ ಬಹುತೇಕ ಜನರಿಗೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆ ಹೊತ್ತಿಗೆ ಕುಡಿದ ಕಷಾಯಕ್ಕೆ ಹೆಸರು ಬರುತ್ತದೆ. ಹೆಪಟೈಟಿಸ್ ಬಿ ಮಾತ್ರ ಕೆಲವರಲ್ಲಿ ಇಳಿಯದೆ ದೇಹದಲ್ಲೇ ಉಳಿದುಬಿಡುತ್ತದೆ, ಅಂಥವರನ್ನು ವಾಹಕರು ಅಂತಾರೆ. 1988ರಲ್ಲಿ ಚೆನ್ನೈನ ಸಂಶೋಧಕರು ನೆಲನೆಲ್ಲಿಯಿಂದ ಬಿ ವಾಹಕರಿಗೆ ಗುಣ ಕಂಡಿದೆ ಅಂತ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಆಮೇಲಿನ ಹಲವು ಪ್ರಯೋಗಗಳಲ್ಲಿ ಅಂಥ ಫಲ ಸಿಗಲಿಲ್ಲ. ನಮಗೆ ಎಲ್ಲಕ್ಕೂ ಇರುವುದು 'ಕಾಮಾಲೆ' ಒಂದೇ ಪದ. ಚೀಟಿಯಲ್ಲಿ 'ಕಾಮಾಲೆ ಒಂದು ಗುರುತು, ಕಾಯಿಲೆ ಯಾವುದು ಅಂತ ರಕ್ತ ಪರೀಕ್ಷೆ ಹೇಳಬೇಕು' ಅಂತ ಬರೆದಿದ್ದೇನೆ. ಇದಕ್ಕಿಂತ ಸರಳವಾಗಿ ಹೇಳಬಹುದಾದರೆ ತಿದ್ದಿಕೊಡಿ.

ಕೊನೆಗೆ ಪದಮೂಲದ್ದು ಒಂದು ಪ್ರಶ್ನೆ. ನೆಲನೆಲ್ಲಿಗೆ 'ಕಿರುನೆಲ್ಲಿ' ಅಂತಲೂ ಇದೆ. ತಮಿಳಿನಲ್ಲಿ ಕೀಳಾನೆಲ್ಲಿ, ಅಂದರೆ ಕೆಳಗೆ ಕಾಯಿ ಬಿಡುವ ನೆಲ್ಲಿ. ಎಲೆ ಮಗುಚಿದರೆ ಆ ಹೆಸರು ಕಣ್ಣಿಗೇ ಕಾಣುತ್ತದೆ. ನಮ್ಮದು 'ಚಿಕ್ಕ' ಅನ್ನುವ ಕಿರುವೋ, ಅಥವಾ ಹಳಗನ್ನಡದ 'ಕೀಳ್' ಸವೆದು ಕಿರು ಆಗಿದ್ದೋ? ಹೊನ್ನಾವರ, ಅಂಕೋಲಾ, ಯಲ್ಲಾಪುರದವರು ನಿಮ್ಮ ಅಜ್ಜಿಯರು ಹೇಳುವ ಹೆಸರನ್ನು, ಕೆಂಪು ದಂಟಿನದ್ದಕ್ಕೆ ಬೇರೆ ಹೆಸರಿದ್ದರೆ ಅದನ್ನೂ, ಉಚ್ಚಾರ ಇದ್ದಹಾಗೇ ಬರೆದು ಕಳಿಸಿ. ಚೀಟಿಯಲ್ಲಿ ಗಿಡದ ಚಿತ್ರದ ಕೆಳಗೆ ಆ ಹೆಸರುಗಳನ್ನೇ ಹಾಕುತ್ತೇನೆ.